ಕೂಗುವ ವಾಚು

ನೋವು ಬಚ್ಚಿಡುವ ವಿದ್ಯೆಯನ್ನು ಗಂಡಸರಿಗೆ ಯಾವ ಪುಣ್ಯಾತ್ಮ ಕಲಿಸಿಕೊಟ್ಟನೋ, ಅವನ ಮನೆ ಹಾಳಾಗ. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿ ಲೆಕ್ಕ ಬರೆಯುವ ರೈಟರಾಗಿದ್ದ ಸಣ್ಣಸ್ವಾಮಿ ಅದರಲ್ಲಿ ಮಹಾ ಪಂಡಿತ. ಎದೆ ಹಿಂಡುತ್ತಿದ್ದರೂ ಎರಡು ದಿನ ಆಳುಗಳ ಹಿಂದೆ ಓಡಾಡಿದ. ಹೆಂಡತಿ ವನಜಮ್ಮ ಮುಖ ನೋಡಿ ಕೇಳಿದಾಗಲೆಲ್ಲ "ಗ್ಯಾಸು ಕಣೇ" ಎಂದು ಜೀರಿಗೆ ನೀರು ಕುಡಿದ. ಮೂರನೆಯ ದಿನ ಕಾಫಿ ಒಣಗಿಸುವ ಕಣದಲ್ಲೇ ಕುಸಿದು ಬಿದ್ದ.

ಮೈಸೂರಿನ ಡಾಕ್ಟರು ಸ್ಟೆಂಟ್ ಹಾಕಿ ಉಳಿಸಿಕೊಟ್ಟರು. ಐಸಿಯು ಬಾಗಿಲಲ್ಲಿ ಕೂತು ವನಜಮ್ಮ ಅತ್ತಳು. ಭಯಕ್ಕಿಂತ ಅವಳಿಗೆ ಸಿಟ್ಟೇ ಹೆಚ್ಚಾಗಿತ್ತು. ಎರಡು ರಾತ್ರಿ ಒಂದೇ ಚಾಪೆಯ ಮೇಲೆ ಪಕ್ಕದಲ್ಲೇ ಮಲಗಿದ್ದವನು ಸಾಯುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲವಲ್ಲ! ಅಂಥ ಹೆಂಡತಿ ಇದ್ದೂ ಏನು ಪ್ರಯೋಜನ ಎಂದು ತನ್ನನ್ನೇ ಬೈದುಕೊಂಡಳು.

ಮನೆಗೆ ಕಳಿಸುವ ದಿನ ಡಾಕ್ಟರು, "ದಿನಾ ನಡೀರಿ. ಜೊತೇಲಿರೋರ ಹತ್ರ ಮಾತಾಡೋಕೆ ಉಸಿರಿರ್ಬೇಕು, ಹಾಡು ಹೇಳೋಷ್ಟು ಇರ್ಬಾರ್ದು, ಅಷ್ಟೇ ವೇಗ. ಎದೆಬಡಿತ ನೂರಹತ್ತು ದಾಟ್ಬಾರ್ದು. ಅದನ್ನ ನೋಡ್ಕೊಳ್ಳೋಕೆ ಕೈಗೆ ಕಟ್ಟೋ ವಾಚ್ ಬರುತ್ತೆ, ಸಿಂಪಲ್ಲಾಗಿರೋದು ಸಾಕು" ಎಂದರು. ಆಮೇಲೆ ವನಜಮ್ಮನ ಕಡೆ ತಿರುಗಿ, "ಇನ್ನೊಂದು ಸಲ ಆದ್ರೆ ಕಷ್ಟ ಕಣಮ್ಮ" ಎಂದು ಮೆಲ್ಲಗೆ ಹೇಳಿದರು.

ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಅವಳು ಗಂಡನ ಜೊತೆ ಗೋಣಿಕೊಪ್ಪಲಿನ ಮೊಬೈಲ್ ಅಂಗಡಿ ಹತ್ತಿದಳು. ಅಂಗಡಿಯ ನಿತೇಶ್ ಗಾಜಿನ ಮೇಲೆ ವಾಚುಗಳ ಜಾತ್ರೆಯನ್ನೇ ನೆರೆಸಿದ. ಇದು ಫೋನ್ ಎತ್ತುತ್ತೆ, ಇದು ಹೆಜ್ಜೆ ಎಣಿಸುತ್ತೆ, ಇದು ನಿದ್ದೆ ಎಷ್ಟು ಬಂತು ಅಂತ ಹೇಳುತ್ತೆ.

"ನಿದ್ದೆ ಲೆಕ್ಕ ಯಾಕಪ್ಪಾ? ಇವ್ರ ಗೊರಕೆ ಆಳುಗಳ ಲೈನ್ ಮನೆ ತನಕ ಕೇಳುತ್ತೆ. ಎದೆಬಡಿತ ಹೇಳೋದು ಮಾತ್ರ ತೆಗಿ" ಎಂದಳು ವನಜಮ್ಮ.

ಕೊನೆಗೆ ಎರಡು ಉಳಿದವು. ಬಡಿತ ಜಾಸ್ತಿಯಾದರೆ ಒಂದು ವಾಚು ಕೈಮೇಲೆ ಗುರ್ ಎಂದು ನಡುಗುತ್ತದೆ, ಇನ್ನೊಂದು ಕೂಗುತ್ತದೆ. ಸಣ್ಣಸ್ವಾಮಿ ನಡುಗುವುದನ್ನು ಎತ್ತಿಕೊಂಡ.

"ಇದು ಸಾಕು. ನನ್ ಕೈಮೇಲೆ ನಡುಗಿದ್ರೆ ನಂಗೊತ್ತಾಗಲ್ವಾ?"

"ನಿಮ್ಗೆ ಗೊತ್ತಾದ್ರೆ ಏನ್ ಬಂತು ರೀ? ಹೋದ್ಸಲಾನೂ ನಿಮ್ಗೆ ಗೊತ್ತಿತ್ತಲ್ಲ! ನಂಗೆ ಗೊತ್ತಾಗ್ಬೇಕು."

ನಿತೇಶ್ ಕೂಗುವುದನ್ನು ಒಮ್ಮೆ ಕೂಗಿಸಿ ತೋರಿಸಿದ. ರಸ್ತೆಯಲ್ಲಿ ಜೀಪಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಸಣ್ಣಸ್ವಾಮಿಯ ಮುಖ ಕೆಂಪಾಯಿತು.

"ಆಳುಗಳ ಮುಂದೆ ಇದು ಹಿಂಗೆ ಬಾಯಿ ಬಡ್ಕೊಂಡ್ರೆ ನನ್ ಮರ್ಯಾದೆ ಏನಾಗ್ಬೇಕೇ?"

"ಮರ್ಯಾದೆ ಆಮೇಲೆ ನೋಡಣ. ಮೊದ್ಲು ಜೀವ ಇರ್ಲಿ."

"ಆಂಟಿ, ಒಂದ್ಮಾತು," ಎಂದ ನಿತೇಶ್. "ಇದು ಶುರು ಮಾಡಿದ್ರೆ ಬಡಿತ ಇಳಿಯೋ ತನಕ ನಿಲ್ಸಲ್ಲ. ಬಟನ್ ಒತ್ತಿದ್ರೂ ಇಲ್ಲ. ತುಂಬ ಜನ ಕಿರಿಕಿರಿ ಅಂತ ವಾಪಸ್ ತರ್ತಾರೆ."

"ನಂಗೆ ಅದೇ ಬೇಕು" ಎಂದು ವನಜಮ್ಮ ತಾನೇ ಗಂಡನ ಕೈಗೆ ಕಟ್ಟಿದಳು. ಅವನು ಮನೆ ಸೇರುವವರೆಗೆ ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಬೆಳಗಿನ ಮಂಜು ಕರಗಿದ ಮೇಲೆ ಇಬ್ಬರೂ ಎಸ್ಟೇಟ್ ರಸ್ತೆಯಲ್ಲಿ ನಡೆಯತೊಡಗಿದರು. ವನಜಮ್ಮನಿಗೆ ಮಂಡಿನೋವು, ಯಾವಾಗಲೂ ಹಿಂದೆ ಬೀಳುತ್ತಿದ್ದಳು. ಅವನು ಏರಿನಲ್ಲಿ ಜೋರು ಮಾಡಿದರೆ ಸಾಕು, ಮುಂದಿನಿಂದ ಟೀಂ ಟೀಂ ಎಂದು ಶಬ್ದ ಬರುತ್ತಿತ್ತು. "ನಿಧಾನ ರೀ!" ಎಂದು ಇವಳು ಹಿಂದಿನಿಂದ ಕೂಗುತ್ತಿದ್ದಳು. ಅವನು ನಿಲ್ಲುತ್ತಿದ್ದ, ಅದೂ ನಿಲ್ಲುತ್ತಿತ್ತು. ಕೆಲಸಕ್ಕೆ ಬರುವ ಮುತ್ತಿ, "ರೈಟರ್ ಅಣ್ಣ ಬರೋದು ಈಗ ಮೈಲಿ ದೂರಕ್ಕೇ ಗೊತ್ತಾಗುತ್ತೆ, ಕೆಲಸ ಕದಿಯೋರಿಗೆ ಒಳ್ಳೇದಾಯ್ತು" ಎಂದು ನಕ್ಕಳು. ಸಣ್ಣಸ್ವಾಮಿ ಅವಮಾನ ನುಂಗಿಕೊಂಡ. ವನಜಮ್ಮನಿಗೆ ಮಾತ್ರ ಹೇಳಲಾರದ ಸಮಾಧಾನ. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡನ ಎದೆಯೊಳಗಿನದು ಅವಳ ಕಿವಿಗೆ ಬೀಳುತ್ತಿತ್ತು.

ಅದು ಹಲಸು ಹಣ್ಣಾಗುವ ಕಾಲ, ವಾಸನೆಗೆ ಕಾಡಾನೆಗಳು ತೋಟಕ್ಕೆ ಇಳಿಯುತ್ತಿದ್ದವು. ಆನೆ ಎಲ್ಲಿದೆ ಎಂದು ಫೋನಿನ ಗ್ರೂಪಿನಲ್ಲಿ ಯಾರಾದರೂ ಹಾಕುತ್ತಿದ್ದರು. ಆ ದಿನ ಯಾರೂ ಏನೂ ಹಾಕಿರಲಿಲ್ಲ. ಕೆರೆಯ ತಿರುವಿನಲ್ಲಿ ಸಣ್ಣಸ್ವಾಮಿ ಮುಂದಿದ್ದ, ವನಜಮ್ಮ ಮಂಡಿ ಹಿಡಿದುಕೊಂಡು ಹಿಂದಿದ್ದಳು. ಕಾಫಿ ಗಿಡಗಳು ಸರಸರ ಎಂದವು. ಅವರಿಬ್ಬರ ನಡುವೆ ಒಂಟಿ ಸಲಗ ರಸ್ತೆಗೆ ಬಂದು ನಿಂತಿತು.

ಆನೆ ಕಂಡರೆ ಓಡಬಾರದು, ಉಸಿರೆತ್ತದೆ ನಿಲ್ಲಬೇಕು. ಆಳುಗಳಿಗೆಲ್ಲ ಇದನ್ನು ಹೇಳಿಕೊಟ್ಟವನೇ ಸಣ್ಣಸ್ವಾಮಿ. ಅವನು ಸಿಲ್ವರ್ ಓಕ್ ಮರಕ್ಕೆ ಬೆನ್ನು ಕೊಟ್ಟು ಕಲ್ಲಿನಂತೆ ನಿಂತ. ಆನೆಯೂ ಅವನನ್ನು ಗಮನಿಸದೆ ಸೊಂಡಿಲಿಂದ ನೆಲ ಮೂಸುತ್ತಿತ್ತು. ಇನ್ನೇನು ದಾಟಿ ಹೋಗುತ್ತಿತ್ತು.

ಟೀಂ, ಟೀಂ, ಟೀಂ.

ಮೈ ಕಲ್ಲಾಗಿ ನಿಂತರೂ ಎದೆ ಹೇಗೆ ಸುಮ್ಮನಿರುತ್ತದೆ ಸ್ವಾಮಿ? ಕಾಯಲೆಂದು ಕಟ್ಟಿದ್ದೇ ಅವನನ್ನು ತೋರಿಸಿಕೊಟ್ಟಿತು. ಬೇಲಿಯೇ ಎದ್ದು ಹೊಲ ಮೇಯಿತು. ಆನೆ ಕಿವಿ ಅಗಲಿಸಿ ಅತ್ತ ತಿರುಗಿತು. ಸಣ್ಣಸ್ವಾಮಿ ಪಟ್ಟಿ ಬಿಚ್ಚಲು ನೋಡಿದ, ಕೊಂಡಿ ಬಿಡಲಿಲ್ಲ. ಕೈಯನ್ನು ಕಂಕುಳಿಗೆ ಒತ್ತಿಕೊಂಡ. ಶಬ್ದ ಮಂಕಾಯಿತು, ನಿಲ್ಲಲಿಲ್ಲ. ಆನೆ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಿತು, ಕೂಗು ಇನ್ನೂ ಬಿರುಸಾಯಿತು.

ವನಜಮ್ಮನ ಜೀವ ಬಾಯಿಗೆ ಬಂತು. ಕಿರುಚಿ ಆನೆಯನ್ನು ತನ್ನ ಕಡೆ ತಿರುಗಿಸೋಣವೆಂದು ಬಾಯಿ ತೆರೆದಳು. ಅವನು ಅಲ್ಲಿಂದಲೇ ಬೇಡವೆಂದು ತಲೆ ಅಲ್ಲಾಡಿಸಿದ. ನಡುಗುವುದನ್ನೇ ಕೊಳ್ಳೋಣ ಎಂದಿದ್ದನಲ್ಲ ಪಾಪ, ಹಠ ಹಿಡಿದವಳು ತಾನು! ಮಾಡಲು ಏನೂ ಇರಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದಳು. 'ಮಾದಪ್ಪಾ, ಅದರ ಬಾಯಿ ಮುಚ್ಚಿಸಪ್ಪಾ. ಹೆಂಗಾದ್ರೂ ಮಾಡಿ ಮುಚ್ಚಿಸು.'

ಕಣ್ಣು ಬಿಟ್ಟಾಗ ಸಣ್ಣಸ್ವಾಮಿ ಮರಕ್ಕೆ ಒರಗಿಕೊಂಡೇ ಮೆಲ್ಲಗೆ ಕೆಳಗೆ ಜಾರುತ್ತಿದ್ದ. ಜಾಣ, ಕೂತರೆ ಬಡಿತ ಇಳಿಯುತ್ತದೆಂದು ಕೂರುತ್ತಿದ್ದಾನೆ ಎಂದುಕೊಂಡಳು. ಹಾಗೆಯೇ ಆಯಿತು. ಕೂಗು ನಿಂತಿತು.

ಆನೆ ಒಂದಷ್ಟು ಹೊತ್ತು ಕಿವಿ ಆಡಿಸಿತು. ಆಮೇಲೆ ಬೇಸರವಾಯಿತೋ ಏನೋ, ಕೆರೆಯ ಕಡೆ ಇಳಿದು ಹೋಯಿತು. ಅದು ಯಾರ ಕೂದಲನ್ನೂ ಕೊಂಕಿಸಲಿಲ್ಲ. ವನಜಮ್ಮನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ದೇವರಿಗೆ ಗಲ್ಲ ಗಲ್ಲ ಬಡಿದುಕೊಂಡಳು.

"ಹೋಯ್ತು ರೀ, ಏಳಿ!"

ಅವನು ಮಾತಾಡಲಿಲ್ಲ. ವಾಚಿನ ಸಿಟ್ಟು ಇರಬೇಕು ಎಂದು ಕುಂಟುತ್ತಾ ಹತ್ತಿರ ಹೋದಳು.

"ನಂದೇ ತಪ್ಪು ರೀ, ಒಪ್ಕೊಂಡೆ. ನಾಳೇನೆ ಹೋಗಿ ನೀವು ಹೇಳಿದ್ದೇ ತರಣ, ಆಯ್ತಾ? ಮಾತಾಡಿ. ಹೆದ್ರಿಬಿಟ್ರಾ? ನಾನೂ ಹೆದ್ರಿದೆ. ಏಳಿ, ಮನೆಗ್ ಹೋಗಿ ಕಾಫಿ ಕುಡಿಯಣ."

ಸಣ್ಣಸ್ವಾಮಿ ಕಣ್ಣು ತೆರೆದೇ ಕೂತಿದ್ದ. ಭುಜ ಮುಟ್ಟಿದರೆ ತಲೆ ಒಂದು ಕಡೆ ವಾಲಿತು.

ವನಜಮ್ಮ ಅವನ ಪಕ್ಕದಲ್ಲಿ ಕುಸಿದಳು. ಹೆಸರು ಹಿಡಿದು ಕರೆಯದವಳು ಹೆಸರು ಹಿಡಿದು ಕರೆದಳು. ಎದೆಯ ಮೇಲೆ ಕಿವಿ ಇಟ್ಟಳು, ಕೇಳಿದ್ದು ತನ್ನದೇ ಏದುಸಿರು. ಕಂಕುಳಿನಿಂದ ಅವನ ಕೈ ಎಳೆದು ನೋಡಿದಳು. ಅಂಕಿ ಇರಬೇಕಾದ ಕಡೆ ಎರಡು ಅಡ್ಡಗೆರೆಗಳಿದ್ದವು. ಸಡಿಲವಾಗಿರಬೇಕು, ಅದಕ್ಕೇ ಹೀಗೆ ಎಂದುಕೊಂಡಳು. ಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದು ಬಿಗಿದು, ಅವನ ಕೈಯನ್ನು ತನ್ನ ಎರಡು ಕೈಗಳಲ್ಲೂ ಹಿಡಿದುಕೊಂಡಳು.

"ಕೂಗು," ಎಂದಳು ಅದಕ್ಕೆ. "ನಿನ್ ದಮ್ಮಯ್ಯ, ಒಂದ್ಸಲ ಕೂಗು."