ಸಣ್ಣಗಾದ ಮೇಲಿನ ಒಂದೂಮುಕ್ಕಾಲು ನಿಮಿಷ

ತಾನು ಹಿಮ್ಮೇಳ ಹಾಡಿದ್ದ ರೆಕಾರ್ಡಿಗೆ ಐವತ್ತು ವರ್ಷ ತುಂಬಿದ ದಿನ ಹಿತ್ತಾಳೆ ಬೆಳಿಗ್ಗೆಯಿಂದ ಮೂವರಿಗೆ ಕಾರು ಕಲಿಸಿ, ಮೂವರಿಗೂ ಚೆನ್ನಾಗಿ ಬೈದು, ಮುಖ ತೊಳೆದುಕೊಂಡು ಹೊರಟಳು. ಎಪ್ಪತ್ತನಾಲ್ಕರ ಹೆಂಗಸಿಗೆ ಡ್ರೈವಿಂಗ್ ಸ್ಕೂಲಿನಲ್ಲಿ ಏನು ಕೆಲಸ ಎಂದು ಕೇಳುವವರಿದ್ದರು. ಬ್ರೇಕು ಒತ್ತುವುದಕ್ಕೆ ವಯಸ್ಸು ಯಾಕೆ ಬೇಕು ಎಂದು ಅವಳು ತಿರುಗಿ ಕೇಳುತ್ತಿದ್ದಳು. ಹಿತ್ತಾಳೆ ಅನ್ನುವುದು ಬ್ಯಾಂಡಿನವರು ಇಟ್ಟ ಅಡ್ಡಹೆಸರು. ಆ ಬ್ಯಾಂಡಿಗೆ ಹಿತ್ತಾಳೆಯ ಟ್ರಂಪೆಟ್ ಇರಲಿಲ್ಲ, ಅದರ ಬದಲು ಹಿಮ್ಮೇಳದಲ್ಲಿ ಇವಳ ಗಂಟಲಿತ್ತು.

ಸ್ಟಿಯರಿಂಗ್ ಹಿಡಿದಿದ್ದ ಅಕ್ಕನ ಮಗಳು ದಾರಿಯುದ್ದಕ್ಕೂ ಒಂದೇ ರಾಗ ಎಳೆದಳು. ಸಹಿ ಹಾಕಿಬಿಡು, ಯಾರ ಹೆಸರಲ್ಲಾದರೂ ಆಗಲಿ, ಐವತ್ತು ವರ್ಷ ಯಾರೂ ಕೇಳದ ದನಿಯನ್ನು ನಾಲ್ಕು ಜನ ಕೇಳಲಿ ಎಂದಳು. ಗೇರು ಸರಿಯಾಗಿ ಬದಲಿಸು ಎಂದಷ್ಟೇ ಹಿತ್ತಾಳೆ ಹೇಳಿದಳು.

ಆ ಸಹಿಯ ಕಥೆ ಹೀಗಿದೆ. ಆ ಕಾಲದ ಸ್ಟುಡಿಯೋದಲ್ಲಿ ಹಿಮ್ಮೇಳದ ಮೂವರು ಹೆಂಗಸರಿಗೆ ಒಂದೇ ಮೈಕು. ಗಂಟಲು ದೊಡ್ಡದಿದ್ದವಳು ಹಿಂದೆ ನಿಲ್ಲಬೇಕು. ಇಬ್ಬರು ಮೈಕಿನ ಮುಂದೆ ನಿಂತರೆ ಹಿತ್ತಾಳೆ ಆರು ಹೆಜ್ಜೆ ಹಿಂದೆ, ಗೋಡೆಗೆ ಬೆನ್ನು ಕೊಟ್ಟು. ಆ ರೆಕಾರ್ಡಿನ ಕೊನೆಯ ಹಾಡಿನಲ್ಲಿ ಬ್ಯಾಂಡಿನ ಮುಖ್ಯ ಗಾಯಕ ತನ್ನ ಸಾಲು ಮುಗಿಸಿ ನೀರು ಕುಡಿಯಲು ಹೋದ. ಉಳಿದಿಬ್ಬರು ಬಾಯಿ ಮುಚ್ಚಿದರು. ಕೆಂಪು ದೀಪ ಆರಿದರೆ ಹಾಡು ನಿಲ್ಲಿಸಬೇಕು, ಅದು ನಿಯಮ. ಆದರೆ ಇವಳು ಕಣ್ಣು ಮುಚ್ಚಿ ಹಾಡುವವಳು, ದೀಪ ಆರಿದ್ದು ಅವಳಿಗೆ ಕಾಣಲಿಲ್ಲ. ಡ್ರಮ್ಮಿನವನು ಇವಳ ಮುಖ ನೋಡಿಕೊಂಡು ಬಾರಿಸುತ್ತಲೇ ಹೋದ, ಟೇಪಿನವನಿಗೂ ನಿಲ್ಲಿಸುವ ಮನಸ್ಸಾಗಲಿಲ್ಲ. ಹೀಗೆ ಒಂದೂಮುಕ್ಕಾಲು ನಿಮಿಷ. ಕಣ್ಣು ಬಿಟ್ಟಾಗ ಬೈಗುಳ ಕಾದಿತ್ತು. ರೆಕಾರ್ಡು ಬಂದಾಗ ಗಾಯಕನ ಸಾಲಿನ ಬೆನ್ನಿಗೇ ಹಾಡಿನ ಸದ್ದನ್ನು ಬರಬರುತ್ತ ಸಣ್ಣಗೆ ಮಾಡಿ ಮುಗಿಸಿದ್ದರು, ಇವಳ ಮೊದಲ ಸ್ವರ ಎದ್ದಷ್ಟರಲ್ಲೇ ಎಲ್ಲವೂ ಕರಗಿಹೋಗಿತ್ತು.

ಗಾಯಕ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಆಮೇಲೆ ಅವನ ಕೀರ್ತಿ ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಟ್ಟ ಹಾಗೆ ಬೆಳೆಯಿತು. ಈಗ ಆ ರೆಕಾರ್ಡ್ ಕಂಪನಿ ನಡೆಸುವವನು ಅವನ ಮಗ. ಐವತ್ತರ ನೆಪದಲ್ಲಿ ಹಳೆಯ ಟೇಪು ಬಿಚ್ಚಿದಾಗ ರೆಕಾರ್ಡಿಗೆ ಬಾರದ ಆ ಹಾಡಿನ ಬಾಲ ಸಿಕ್ಕಿತು. ಉದ್ದ ಸ್ವರದ ತುದಿಯಲ್ಲಿ ದನಿ ಬಿರಿಯುವ ಬಗೆ ಕೇಳಿ, ಇದು ಅಪ್ಪನದೇ ಎಂದು ಅವನು ಅತ್ತನಂತೆ. ಆ ಕೋಣೆಯಲ್ಲಿದ್ದವರ ಪೈಕಿ ಬದುಕಿರುವವಳು ಹಿತ್ತಾಳೆ ಒಬ್ಬಳೇ. ಹೌದು, ಅವನದೇ ದನಿ ಎಂದು ಅವಳು ಬರೆದುಕೊಟ್ಟರೆ ಹೊಸ ರೆಕಾರ್ಡಿನಲ್ಲಿ ಅದು ಬರುತ್ತದೆ, ಇಲ್ಲದಿದ್ದರೆ ಟೇಪು ಮತ್ತೆ ಬೀರು ಸೇರುತ್ತದೆ. ಅವನು ಇದನ್ನೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಫೋನಿನಲ್ಲಿ ಹೇಳಿದ್ದ. ನನ್ನದು ಹಿತ್ತಾಳೆ ಗಂಟಲು, ಹಿತ್ತಾಳೆ ಕಿವಿಯಲ್ಲ ಎಂದು ಇವಳು ಫೋನು ಇಟ್ಟಿದ್ದಳು. ಆದರೂ ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ತನ್ನ ದನಿಯನ್ನು ಜನ ಕೇಳಬೇಕೆಂಬ ಆಸೆ ಅವಳಿಗೆ ಬೆಟ್ಟದಷ್ಟಿತ್ತು, ಅದನ್ನು ಸುಳ್ಳು ಹೇಳಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಬರುತ್ತೇನೆ ಎಂದಷ್ಟೇ ಮರುದಿನ ಅವನಿಗೆ ಹೇಳಿಕಳಿಸಿದಳು.

ಸಹಿಗೆ ಗೊತ್ತಾದ ಜಾಗ ಒಂದು ರೆಕಾರ್ಡ್ ಅಂಗಡಿ. ಅಲ್ಲಿಯ ಪದ್ಧತಿಯೇ ಬೇರೆ. ಹೆಸರಾದ ರಾಕ್ ಮತ್ತು ಸೋಲ್ ಸಂಗೀತದ ರೆಕಾರ್ಡುಗಳು ಹೊರಬಂದ ದಿನಗಳನ್ನೆಲ್ಲ ಅಂಗಡಿಯವನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ. ಆಯಾ ದಿನ ನಾಲ್ಕು ಗಂಟೆಗೆ ಷಟರ್ ಅರ್ಧ ಎಳೆದು, ಆ ರೆಕಾರ್ಡಿನ ಎರಡೂ ಬದಿಯನ್ನು ಮೊದಲಿಂದ ಕೊನೆಯವರೆಗೆ ಹಾಕುತ್ತಿದ್ದ. ಮಧ್ಯೆ ಮಾತಾಡುವಂತಿಲ್ಲ. ಕೆಮ್ಮುವವರು ಬದಿ ತಿರುಗಿಸುವಾಗ ಕೆಮ್ಮಿಕೊಳ್ಳಬೇಕು.

ಅವತ್ತು ನಲವತ್ತು ಜನ ರೆಕಾರ್ಡಿನ ಪೆಟ್ಟಿಗೆಗಳ ಸಂದಿಯಲ್ಲಿ ಕುರ್ಚಿ ಹಾಕಿಕೊಂಡು ಒತ್ತಿಕೊಂಡು ಕೂತಿದ್ದರು. ಗಾಯಕನ ಮಗ ಬಿಳಿ ಅಂಗಿ ಹಾಕಿಕೊಂಡು, ಕಾಗದ ಮತ್ತು ಪೆನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆಯೇ ಇದ್ದ. ರೆಕಾರ್ಡು ಮುಗಿದ ಮೇಲೆ ಎಲ್ಲರೆದುರು ಸಹಿ ಎಂದು ಅವನೇ ಗೊತ್ತು ಮಾಡಿದ್ದು. ಅಪ್ಪ ಹೋದಾಗ ಅವನಿಗೆ ಎಂಟು ವರ್ಷ. ಅಪ್ಪನ ಸಾಲು ಬಂದಾಗಲೆಲ್ಲ ಅವನ ತುಟಿ ಅಲ್ಲಾಡುವುದನ್ನು ಹಿತ್ತಾಳೆ ನೋಡಿದಳು. ಅವನ ಮೇಲೆ ಕನಿಕರ ಹುಟ್ಟಿತು, ಅದರ ಬೆನ್ನಿಗೇ ಸಿಟ್ಟೂ ಬಂತು.

ಕೊನೆಯ ಹಾಡು ಸಣ್ಣಗಾಗತೊಡಗಿತು. ಅವಳ ಮೊದಲ ಸ್ವರ ಎದ್ದಿತು, ಕರಗಿತು. ಸೂಜಿ ಎತ್ತಲು ಅಂಗಡಿಯವನು ಕೈ ಚಾಚಿದ. ಅಷ್ಟರಲ್ಲಿ ಹಿತ್ತಾಳೆ ಕಣ್ಣು ಮುಚ್ಚಿ ಕೂತಲ್ಲಿಂದಲೇ ಹಾಡನ್ನು ಎತ್ತಿಕೊಂಡಳು.

ದನಿ ಹಳೆಯದಾಗಿತ್ತು. ಮೇಲಿನ ಸ್ವರಕ್ಕೆ ಹೋಗಲಾರದೆ ಅವಳು ಒಂದು ಮೆಟ್ಟಿಲು ಇಳಿಸಿ ಹಾಡಿದಳು, ಮಧ್ಯೆ ಉಸಿರು ಸಾಲದೆ ತಡೆದಳು, ಮತ್ತೆ ಹಿಡಿದಳು. ಆದರೆ ಉದ್ದ ಸ್ವರದ ತುದಿಯಲ್ಲಿ ದನಿ ಬಿರಿಯಿತಲ್ಲ, ಅದು ಟೇಪಿನಲ್ಲಿದ್ದ ಅದೇ ಬಿರುಕು, ಕೂದಲೆಳೆಯಷ್ಟೂ ಬೇರೆಯಲ್ಲ. ಅವಳು ಪೂರ್ತಿ ಮುಗಿಸಿ ಕಣ್ಣು ಬಿಟ್ಟಳು. ಅಕ್ಕನ ಮಗಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಗಾಯಕನ ಮಗನ ಮುಖ ಬಿಳಿಚಿಕೊಂಡಿತ್ತು. "ಅದು ನಮ್ಮಪ್ಪಂದು," ಎಂದ, ಮಕ್ಕಳ ಹಾಗೆ.

"ದನಿ ಹಾಗೆ ಬಿರಿಯೋದನ್ನ ಕಲಿಯೋಕೆ ನಿಮ್ಮಪ್ಪ ಮೂರು ವಾರ ನನ್ನ ಹಿಂದೆ ಬಿದ್ದಿದ್ದ. ಚೆನ್ನಾಗೇ ಕಲಿತ. ಅವನು ಹಾಡಿದ್ದೆಲ್ಲ ಅವನದೇ, ಅದರಲ್ಲಿ ಒಂದು ಚೂರೂ ನನಗೆ ಬೇಡ. ಇದು ಮಾತ್ರ ನಂದು, ಕೊಡಲ್ಲ."

ಸಹಿ ಇಲ್ಲದೆ ಟೇಪನ್ನು ಹೊರಗೆ ಬಿಡಲು ತನ್ನ ಕೈಲಾಗದು ಎಂದು ಅವನು ತಡವರಿಸಿದ. ಬೆದರಿಕೆಯ ದನಿ ಅದಲ್ಲ, ಸೋತವನದು.

"ಟೇಪಿಗೆ ಬೀಗ ಹಾಕ್ಕೊಳಪ್ಪ. ನನ್ನ ಬಾಯಿಗೆ ಹಾಕೋಕಾಗಲ್ಲ. ಪ್ರತಿ ವರ್ಷ ಇದೇ ದಿನ ಇಲ್ಲಿಗೆ ಬರ್ತೀನಿ, ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ ಹಾಡ್ತೀನಿ. ಗಂಟಲು ಹೋದ ಮೇಲೂ ಬರ್ತೀನಿ."

ಹಿಂದಿನಿಂದ ಯಾರೋ ಇನ್ನೊಂದು ಸಲ ಎಂದರು. ರೆಕಾರ್ಡಿನ ಹುಟ್ಟುಹಬ್ಬದ ದಿನ ಅದನ್ನು ಒಂದೇ ಸಲ ಹಾಕಬೇಕೆಂಬುದು ಅಂಗಡಿಯವನ ಕಟ್ಟುನಿಟ್ಟು. ಅವನು ಹಿತ್ತಾಳೆಯ ಮುಖ ನೋಡಿದ. ಅವಳು ಒಂದು ಗುಟುಕು ನೀರು ಕುಡಿದು ತಲೆಯಾಡಿಸಿದಳು. ಅವನು ಸೂಜಿಯನ್ನು ಕೊನೆಯ ಹಾಡಿನ ಮೊದಲಿಗೆ ಇಟ್ಟ. ಗಾಯಕನ ಮಗ ಎದ್ದು ಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೂತೇ ಇದ್ದ.

ಗಾಯಕನ ಸಾಲು ಮುಗಿದು ಹಾಡು ಸಣ್ಣಗಾಗುತ್ತಿದ್ದಂತೆ, ಸ್ಪೀಕರಿನ ಕಡೆ ಮುಖ ಮಾಡಿದ್ದ ನಲವತ್ತು ಜನರೂ ಕುರ್ಚಿ ತಿರುಗಿಸಿಕೊಂಡು ಅವಳ ಕಡೆ ಕೂತರು. ಮಗನೂ ತಿರುಗಿದ. ಹಿತ್ತಾಳೆ ಈ ಸಲ ಎದ್ದು ನಿಂತು, ಕಣ್ಣು ತೆರೆದುಕೊಂಡೇ ಹಾಡಿದಳು.