ಕೂಡಿ ಅದಾವ

ಹಾಸಿಗೆಯ ಕೆಳಗಿನಿಂದ ಸ್ಕ್ಯಾನ್ ಪ್ಲೇಟು ಎಳೆದು ಮಹಾದೇವಿ ಸೆರಗಿನಿಂದ ಧೂಳೊರೆಸಿದಳು. ಗೋಡೆಗಾನಿಸಿ ಕೂರಿಸಿದ್ದ ಅವಳ ಗಂಡ ಖಂಡಪ್ಪನ ಹೆಣದ ಕೊರಳಿಗೆ ಚಾಳಿನವರು ಹೂ ಹಾಕುತ್ತಿದ್ದರು.

"ಈಗ್ಯಾಕ ತಗೀತಿ ಯವ್ವಾ ಅದನ್ನ?" ನೆರೆಮನೆಯ ಸೋಮವ್ವ ಕೇಳಿದಳು.

"ಮೈದುನ ಬಂದ್ರ ತೋರಸಬೇಕು."

"ಭೀಮರಾಯ? ಆರು ವರ್ಷ ಈ ಹೊಸ್ತಿಲಾ ತುಳದಿಲ್ಲ. ಬಂದಂಗ ಬಂದ ಬಿಡು!"

"ಇಂವ ಮಕ್ಕಳಿಲ್ಲದಂವ ಸೋಮವ್ವಾ. ತಮ್ಮನ ಹೆಗಲರ ಸಿಗಲಿ."

* * *

ಖಂಡಪ್ಪ ಮುಂಬಯಿಯ ವಿಕ್ರೋಳಿಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸದವನು. ಏಳು ವರ್ಷದ ಹಿಂದೆ ಒಂದು ದಿನ ಸೊಂಟ ಹಿಡಿದುಕೊಂಡು ಕುಸಿದಿದ್ದ. ಕಿಡ್ನಿಯಲ್ಲಿ ಕಲ್ಲು. ಸ್ಕ್ಯಾನ್ ನೋಡಿದ ಡಾಕ್ಟರು ಕೇಸ್‌ಪೇಪರಿನ ಮೇಲೆ ಕುದುರೆ ಲಾಳ ಬರೆದು ತೋರಿಸಿದರು. ಹುಟ್ಟಿನಿಂದಲೇ ಎರಡೂ ಕಿಡ್ನಿ ಕೆಳಗೆ ಕೂಡಿಕೊಂಡಿದ್ದವು. ಎಲ್ಲರಿಗೂ ತೂತು ಹಾಕುವ ಜಾಗ ಇವನಿಗೆ ಆಗದೆಂದು, ಬೆನ್ನುಮೂಳೆಯ ಹತ್ತಿರ, ಕಿಡ್ನಿಯ ಮೇಲ್ತುದಿಗೆ ತೂತು ಹಾಕಿ ಕಲ್ಲು ತೆಗೆದರು.

ಮರುವರ್ಷ ತಮ್ಮನ ಎರಡೂ ಕಿಡ್ನಿ ಕೈಕೊಟ್ಟವು. ತನ್ನದೊಂದು ಕೊಡಲು ಹೋದ ಖಂಡಪ್ಪನನ್ನು ಡಾಕ್ಟರು ಪ್ಲೇಟು ನೋಡಿ ಹಿಂದಕ್ಕೆ ಕಳಿಸಿದರು. ಮೊದಲೇ ಮಾತು ಕಮ್ಮಿ. ತಮ್ಮನೆದುರು ನಿಂತು ಅಂದದ್ದಿಷ್ಟೇ: "ನನ್ನವು ಕೂಡಿ ಅದಾವ ತಮ್ಮಾ. ಬ್ಯಾರೆ ಮಾಡಾಕ ಬರಂಗಿಲ್ಲ."

ಅದರ ಹಿಂದಿನ ದೀಪಾವಳಿಗೆ ಅಣ್ಣನೊಡನೆ ಜಗಳವಾಡಿ ಒಲೆ ಬ್ಯಾರೆ ಮಾಡಿಕೊಂಡು ಹೋಗಿದ್ದ ಭೀಮರಾಯನಿಗೆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

"ನಾ ಸಾಯೋ ಮುಂದೂ ಹಂಗಸ್ತಿಯಲ್ಲೋ ಅಣ್ಣಾ!"

ಪ್ಲೇಟು ಹಿಡಿದು ಎರಡು ಸಲ ತಮ್ಮನ ಮನೆಗೆ ಹೋದ ಖಂಡಪ್ಪ ಮುಚ್ಚಿದ ಬಾಗಿಲು ನೋಡಿ ಮರಳಿದ.

* * *

ಭೀಮರಾಯ ಬಂದಾಗ ಹೆಣ ಎತ್ತುವ ಹೊತ್ತಾಗಿತ್ತು. ಡಯಾಲಿಸಿಸ್ ಮುಗಿಸಿ ನೇರ ಬಂದಿದ್ದ, ಎಡಗೈಗೆ ಪಟ್ಟಿ. ಒಳಗೆ ಬರಲಿಲ್ಲ. ಮಹಾದೇವಿಯೇ ಬಾಗಿಲಿಗೆ ಹೋಗಿ ಪ್ಲೇಟನ್ನು ಬೆಳಕಿಗೆ ಹಿಡಿದಳು.

"ಎಡಕಿಂದು ಇದು, ಬಲಕಿಂದು ಇದು. ಕೆಳಗ ನೋಡು."

ಅವನ ಬೆರಳು ಒಂದು ಬದಿಯಿಂದ ಇಳಿದು, ಎಲ್ಲೂ ಕಡಿಯದೆ, ಇನ್ನೊಂದು ಬದಿಗೆ ಏರಿತು. ಮತ್ತೊಮ್ಮೆ ಇಳಿಯಿತು.

"ಖರೇನ ಕೂಡ್ಯಾವಲ್ಲ ವೈನಿ."

"ಅಂವ ಅದನ್ನ ಹೇಳಿದ್ದ."

"ನೀ ಎತ್ತಬ್ಯಾಡೋ ಮಾರಾಯಾ, ಕೈ ಹರದೀತು!" ಯಾರೋ ಕೂಗಿದರು.

"ಬಲಹೆಗಲು ಗಟ್ಟಿ ಐತಿ," ಅಂದ ಭೀಮರಾಯ.

ಹೆಂಗಸರು ಹಿಂದುಳಿದರು. ಸೋಮವ್ವ ನೆಲ ತೊಳೆಯಲು ಒಳಗೆ ಹೋದಳು. ಗ್ಯಾಲರಿಯಲ್ಲಿ ಮಹಾದೇವಿ ಒಬ್ಬಳೇ ನಿಂತು ನೋಡಿದಳು. ಗಲ್ಲಿಯ ಪ್ರತಿ ತಿರುವಿಗೂ ಖಂಡಪ್ಪನನ್ನು ಕೂರಿಸಿದ ಚಟ್ಟ ಹೊತ್ತ ಹೆಗಲುಗಳು ಬದಲಾದವು. ಪಟ್ಟಿ ಕಟ್ಟಿದ ಕೈಯವನು ಮಾತ್ರ ಯಾರಿಗೂ ಜಾಗ ಬಿಡಲಿಲ್ಲ. ಕೊನೆಯ ತಿರುವಿನಲ್ಲಿ ಕೂತವನ ಬೆನ್ನೂ ಹೊತ್ತವನ ಬೆನ್ನೂ ಒಟ್ಟಿಗೇ ಮರೆಯಾದವು.