ದಾರ ಸಾಕು, ಕೈ ಬೇಡ

ಚುಪ್, ಚುಪ್, ನಡುವೆ ಒಂದು ಉಸಿರು, ಮತ್ತೆ ಚುಪ್ — ದೋಣಿಯ ಎಂಜಿನ್ ಇಷ್ಟು ಗಲಾಟೆ ಮಾಡುತ್ತಿದ್ದರೂ ನನಗೆ ಕೇಳುವುದು ಅದೊಂದೇ, ಬೇಡದ್ದನ್ನೇ ಮೊದಲು ಹಿಡಿಯುವ ಕಿವಿ ನನ್ನದು, ಸೇತುವೆ ಬಂತು ತಲೆ ತಗ್ಗಿಸಿ ಎಂದು ಮೈಕು ಹಿಡಿದ ಹುಡುಗಿ ಮೂರು ಭಾಷೆಯಲ್ಲಿ ಕೂಗಿದ್ದು ಮಾತ್ರ ಕೇಳಿಸಲಿಲ್ಲ, ವಿಗ್ಗಾ ತೋಳು ಹಿಡಿದು ಜಗ್ಗಿದಳು, ಅಜ್ಜ ಬಗ್ಗು, ಬಗ್ಗಿದೆ, ಕಲ್ಲಿನ ಸೇತುವೆ ನೆತ್ತಿಯಿಂದ ಒಂದು ಗೇಣು ಮೇಲೆ ಹಾದುಹೋಯಿತು, ನಾಲ್ಕು ವರ್ಷದ ಮೊಮ್ಮಗಳು ಅರವತ್ತೊಂಬತ್ತರ ಅಜ್ಜನ ತಲೆ ಉಳಿಸಿದಳು ಎಂದು ಬೋದಿಲ್‌ಗೆ ಫೋನು ಮಾಡಿ ಹೇಳಬೇಕು, ಹೇಳಿದರೆ ನನ್ನ ಹೆಂಡತಿ ಏನನ್ನುತ್ತಾಳೆ ಗೊತ್ತಿದೆ, ಉಳಿಸೋಂಥದ್ದು ಅದರೊಳಗೆ ಏನಿತ್ತು ಅನ್ನುತ್ತಾಳೆ. ಚುಪ್, ಚುಪ್. ಹಸುಗೂಸಿನ ಬಾಯಿಗೆ ಇಡುವ ಆ ರಬ್ಬರ್, ಹಾಲಿಲ್ಲ ನೀರಿಲ್ಲ, ಸುಮ್ಮನೆ ಚೀಪುವುದು, ಎರಡೂವರೆ ವರ್ಷಕ್ಕೇ ಹಗಲು ಹೊತ್ತು ಬಿಟ್ಟಿದ್ದಳು, ರಾತ್ರಿ ಮಾತ್ರ ಇತ್ತು, ಹತ್ತು ವಾರದ ಹಿಂದೆ ತಮ್ಮ ಹುಟ್ಟಿದ, ಅವನನ್ನು ಮನೆಗೆ ತಂದ ದಿನವೇ ಡ್ರಾಯರಿನಿಂದ ತಾನೇ ಹುಡುಕಿ ತೆಗೆದು ಬಾಯಿಗಿಟ್ಟುಕೊಂಡವಳು, ಆವತ್ತಿನಿಂದ ಊಟಕ್ಕೆ ಬಿಟ್ಟರೆ ತೆಗೆಯುವುದಿಲ್ಲ. ಒಂದು ಸಲ ಉದಾರವಾಗಿ ತಮ್ಮನ ಬಾಯಿಗೂ ಇಟ್ಟಳಂತೆ, ಅವನು ಉಗಿದ, ಆ ಅವಮಾನವನ್ನು ಇವಳು ಇನ್ನೂ ಮರೆತಿಲ್ಲ.

ಪಟ್ಟಿ ಕೋಟಿನ ಜೇಬಿನಲ್ಲಿದೆ, ಮುಟ್ಟಿ ನೋಡಿಕೊಂಡೆ, ತ್ರಿನೆ ಬರೆದುಕೊಟ್ಟದ್ದು, ನನ್ನ ಮಗಳು ಅಂಗಡಿಗೆ ಕಳಿಸಿದರೂ ಪಟ್ಟಿ ಕೊಡುವವಳು, ಕೋಪನ್‌ಹೇಗನ್ನಿಗೆ ಕಳಿಸುವಾಗ ಬಿಡುತ್ತಾಳೆಯೇ — ದೋಣಿ, ಮಧ್ಯಾಹ್ನ ಸಾಸೇಜು, ಉದ್ಯಾನದ ಬೇಲಿಯಾಚೆಗೆ ಕಾಣುವ ಮೃಗಾಲಯದ ಆನೆಗಳು, ಟಿಕೆಟ್ಟು ಬೇಡ ಅಪ್ಪ ಹೊರಗಿಂದಲೇ ಕಾಣ್ತವೆ, ಮೆಟ್ರೋದಲ್ಲಿ ಎಲ್ಲಕ್ಕಿಂತ ಮುಂದಿನ ಸೀಟು, ಡ್ರೈವರ್ ಇರಲ್ಲ, ಮಕ್ಕಳು ತಾವೇ ಓಡಿಸ್ತೀವಿ ಅಂದ್ಕೋತಾರೆ, ಇಷ್ಟು ಬರೆದು ಕೊನೆಯಲ್ಲಿ ಮರ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಮರ ಎಂದರೆ ಆ ಉದ್ಯಾನದ ಮರ, ಮಕ್ಕಳು ರಬ್ಬರ್ ಬಿಡುವ ದಿನ ಅಲ್ಲಿಗೆ ಬಂದು ಕೊಂಬೆಗೆ ಕಟ್ಟಿ ಹೋಗುತ್ತಾರೆ, ನಮ್ಮ ತ್ಯುಬೊರೊನ್‌ನಲ್ಲಿ ಅಂಥ ಮರವಿಲ್ಲ, ಮರವೇ ಇಲ್ಲ ಅಂದರೂ ತಪ್ಪಿಲ್ಲ, ಪಡುವಣ ಗಾಳಿ ಯಾವುದನ್ನೂ ಸೊಂಟಕ್ಕಿಂತ ಮೇಲೆ ಬೆಳೆಯಲು ಬಿಡುವುದಿಲ್ಲ. ವಿಗ್ಗಾಳೇ ಒಪ್ಪಿದ್ದಾಳೆ, ಅಜ್ಜನ ಜೊತೆ ಹೋಗಿ ಕಟ್ಟಿ ಬರ್ತೀನಿ ಎಂದಿದ್ದಾಳೆ, ನನ್ನ ಜೊತೆ ಎಂದು ಯಾಕೆ ಅಂದಳೋ, ಎದೆ ಒಂದಿಷ್ಟು ಉಬ್ಬಿದ್ದು ಸುಳ್ಳಲ್ಲ, ನಿನ್ನೆ ರೈಲು ಹತ್ತಿಸುವಾಗ ತ್ರಿನೆ ನನ್ನ ಕೊರಳಪಟ್ಟಿ ಸರಿಮಾಡುತ್ತಾ ಹೇಳಿದಳು, ಒತ್ತಾಯ ಮಾಡಬೇಡ ಅಪ್ಪ, ಅವಳೇ ಕಟ್ಟಬೇಕು, ಕಟ್ಟಿದ ಮೇಲೆ ಮಾತ್ರ ಕರಗಿ ವಾಪಸ್ ತಂದುಬಿಡಬೇಡ. ಕರಗುವುದಂತೆ, ನಾನು. ಹ್ಞಾ ಅಂದೆ.

ದೋಣಿಯ ಮೇಲೆ ಕಡಲಹಕ್ಕಿಗಳು ಬಂದವು, ಯಾರೋ ರೊಟ್ಟಿ ಎಸೆದಿರಬೇಕು, ವಿಗ್ಗಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನ ಕೋಟಿನೊಳಗೆ ನುಗ್ಗಿದಳು, ಹೆದರಬೇಡ ಮರಿ ಎಂದೆ, ಅವಳ ಕೂದಲಿನಲ್ಲಿ ಸೋಪಿನ ವಾಸನೆ, ತ್ರಿನೆಯ ಕೂದಲಿಗೂ ಅದೇ ವಾಸನೆ ಇತ್ತು, ಆಗಲೂ ಬೋದಿಲ್ ಹಸಿರು ಸೋಪನ್ನೇ ತರುತ್ತಿದ್ದಳು — ತ್ರಿನೆಗೆ ನಾಲ್ಕು ವರ್ಷ, ಮೂವತ್ತಮೂರು ವರ್ಷದ ಹಿಂದಿನ ಮಾತು, ಬಲೆ ಹೆಣೆಯುವ ನನ್ನ ಶೆಡ್ಡಿನ ಬಾಗಿಲಲ್ಲಿ ಕೂತು ಚುಪ್ ಚುಪ್ ಎಂದು ಚೀಪುತ್ತಿದ್ದಳು, ಆವತ್ತು ಹದಿನೆಂಟು ಮಾರು ಬಲೆ ಹರಿದು ಬಂದಿತ್ತು, ದೋಣಿಯವರು ಸಂಜೆಗೇ ಬೇಕು ಅಂದಿದ್ದರು, ತಲೆ ಸಿಡಿಯುತ್ತಿತ್ತು, ಅವಳು ಜೂಗರಿಸಿ ನಿದ್ದೆ ಹೋದಾಗ ಬಾಯಿಂದ ಜಾರಿಬಿದ್ದ ರಬ್ಬರನ್ನು ಎತ್ತಿ ಒಲೆಗೆ ಹಾಕಿಬಿಟ್ಟೆ. ಅಷ್ಟೆ. ಒಂದು ಕ್ಷಣದ ಕೆಲಸ, ರಬ್ಬರ್ ಸುಟ್ಟ ವಾಸನೆ. ಎದ್ದು ಹುಡುಕಿದಳು, ನಾನು ತಲೆ ಎತ್ತದೆ ಹೇಳಿದೆ, ಹಕ್ಕಿ ತಗೊಂಡು ಹೋಯ್ತು. ಮೂರು ದಿನ ಅತ್ತಳು, ನನ್ನ ಕೈ ಹಿಡಿದುಕೊಂಡು ದಕ್ಕೆಯುದ್ದಕ್ಕೂ ನಡೆದು ಒಂದೊಂದು ಹಕ್ಕಿಯ ಕೊಕ್ಕನ್ನೂ ನೋಡಿದಳು, ನಾನೂ ಜೊತೆಗೆ ನೋಡಿದೆ, ನಾಚಿಕೆಯಿಲ್ಲದವನು, ಇದಾ, ಇದಲ್ಲ, ಇದಾ, ಇದೂ ಅಲ್ಲ. ಮನುಷ್ಯರಿಗಿಂತ ಕಡಲಹಕ್ಕಿಗಳೇ ಹೆಚ್ಚಿರುವ ಊರಲ್ಲಿ ನನ್ನ ಮಗಳು ಹಕ್ಕಿಗಳ ಮೇಲೆ ಹಗೆ ಸಾಧಿಸುತ್ತಾ ಬೆಳೆದಳು, ಮೂವತ್ತೇಳು ವರ್ಷದ ಹೆಂಗಸು, ಈಗಲೂ ಅಂಗಳಕ್ಕೆ ಹಕ್ಕಿ ಇಳಿದರೆ ಪೊರಕೆ ತೆಗೆದುಕೊಂಡು ಓಡುತ್ತಾಳೆ, ಪ್ರತಿ ಕ್ರಿಸ್‌ಮಸ್ಸಿಗೆ ಊಟದ ಮೇಜಿನಲ್ಲಿ ಆ ಕತೆ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ನಾನು ಆಲೂಗೆಡ್ಡೆ ಬಡಿಸಿಕೊಳ್ಳುತ್ತೇನೆ. ಬೋದಿಲ್‌ಗೂ ಹೇಳಿಲ್ಲ. ಹೇಳುವ ಹೊತ್ತು ಮೊದಲ ವರ್ಷದಲ್ಲೇ ದಾಟಿಹೋಯಿತು, ಆಮೇಲೆ ಹೇಳುವುದು ಬೆಂಕಿಗೆ ತುಪ್ಪ ಸುರಿದಂತೆ ಎಂದುಕೊಂಡೆ, ಆಮೇಲೆ ಏನೂ ಅಂದುಕೊಳ್ಳಲಿಲ್ಲ.

ಸಾಸೇಜು ಕೆಂಪಗಿತ್ತು, ಅದು ಅವಳಿಗೆ ಹಿಡಿಸಿತು, ರಬ್ಬರನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡು ತಿಂದಳು, ತಿಂದು ಮುಗಿದ ಗಳಿಗೆಗೆ ಮತ್ತೆ ಚುಪ್, ಬೀದಿಯಲ್ಲಿ ಹೋಗುವವರು ನೋಡುತ್ತಾರೆ, ಇಷ್ಟು ದೊಡ್ಡವಳಿಗೆ ಇನ್ನೂ ಎಂಬ ನೋಟ, ನಾನೂ ತಿರುಗಿ ನೋಡಿದೆ, ಕೋಪನ್‌ಹೇಗನ್ನಿನವರ ಜೊತೆ ಜಗಳಕ್ಕೆ ನಮಗೆ ಕಾರಣವೇ ಬೇಕಿಲ್ಲ, ಇದ್ದರಂತೂ ಇನ್ನೂ ಒಳ್ಳೆಯದು. ಆನೆಗಳು ನಿಜವಾಗಿಯೂ ಬೇಲಿಯಾಚೆಗೆ ಬಿಟ್ಟಿಯಾಗಿ ಕಂಡವು, ಒಂದು ದೊಡ್ಡದು ಮರಿಯ ಮೈಮೇಲೆ ಮಣ್ಣು ಎರಚುತ್ತಿತ್ತು, ವಿಗ್ಗಾ ಬಹಳ ಹೊತ್ತು ನೋಡಿ ಅದು ಅಮ್ಮನಾ ಎಂದಳು, ಇರಬೇಕು, ಅದರ ಇನ್ನೊಂದು ಮಗು ಎಲ್ಲಿ, ಗೊತ್ತಿಲ್ಲ ಮರಿ, ದೊಡ್ಡ ಮಗು ಎಲ್ಲಿ ಅಜ್ಜ, ಒಳಗೆ ಇರಬಹುದು, ಅದನ್ನ ಯಾರು ನೋಡ್ಕೋತಾರೆ. ಅದರ ಅಜ್ಜ ಎಂದೆ, ಆನೆಗಳಲ್ಲಿ ಹಾಗಿದೆಯೋ ಇಲ್ಲವೋ ದೇವರಿಗೇ ಗೊತ್ತು, ಅವಳು ತಲೆಯಾಡಿಸಿದಳು, ಸರಿಹೋಯಿತು ಎಂಬಂತೆ.

ಮರ ಇದು. ಹಳೆಯ ದೊಡ್ಡ ಮರ, ಕೆಳಗಿನ ಕೊಂಬೆಗಳ ತುಂಬ ರಬ್ಬರ್‌ಗಳು, ಕೆಂಪು ನೀಲಿ ಹಳದಿ, ಬಿಸಿಲಿಗೆ ಬಿಳಿಚಿದವು, ಗೊಂಚಲು ಗೊಂಚಲು, ಜೊತೆಗೆ ಚೀಟಿಗಳು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ, ಒಂದನ್ನು ಓದಿದೆ, ಪ್ರೀತಿಯ ರಬ್ಬರ್, ಇನ್ನು ನಾನು ದೊಡ್ಡವನು, ನಿನಗೆ ಚಳಿಯಾದರೆ ಹೇಳು, ಕೆಳಗೆ ಅಪ್ಪನೋ ಅಮ್ಮನೋ ಬರೆದ ಹೆಸರು, ಇಂಥದ್ದೆಲ್ಲ ಹಿಡಿಸದ ಮನುಷ್ಯ ಎಂದು ಬೋದಿಲ್ ನನ್ನ ಬಗ್ಗೆ ಹೇಳುತ್ತಾಳೆ, ಕಣ್ಣು ಒದ್ದೆಯಾದದ್ದನ್ನು ಅವಳು ನೋಡಲಿಲ್ಲ, ಅಷ್ಟು ಸಾಕು. ಆದರೆ ಗಂಟುಗಳು, ಅಯ್ಯೋ ಈ ಗಂಟುಗಳು, ಶೂ ಕಟ್ಟುವ ಗಂಟು, ಉಡುಗೊರೆ ಡಬ್ಬದ ಗಂಟು, ಇವರೆಲ್ಲ ಓದಿ ದೊಡ್ಡ ಕೆಲಸದಲ್ಲಿ ಇರುವವರು, ಒಬ್ಬರಿಗಾದರೂ ದಾರ ಹಿಡಿಯಲು ಬರುತ್ತದೆಯೇ, ನನ್ನ ಜೇಬಿನಲ್ಲಿ ಹಸಿರು ನೈಲಾನ್ ದಾರ ಬೆಳಿಗ್ಗೆಯಿಂದ ಸಿದ್ಧವಾಗಿದೆ, ಅಳತೆ ಮಾಡಿ ಕತ್ತರಿಸಿ ತುದಿ ಸುಟ್ಟದ್ದು, ಮೂವತ್ತೆಂಟು ವರ್ಷ ಉತ್ತರ ಸಮುದ್ರಕ್ಕೆ ಬಲೆ ಕಟ್ಟಿಕೊಟ್ಟ ಕೈ ಇದು, ನನ್ನ ಗಂಟು ಜಾರಿತು ಎಂದು ಒಂದು ದೋಣಿಯವನೂ ಬಂದು ಹೇಳಿಲ್ಲ, ವಿಗ್ಗಾಳ ರಬ್ಬರ್ ಅವಳ ಮದುವೆಯವರೆಗೂ ಇಲ್ಲಿ ಇರುತ್ತದೆ. ಬಾ ಮರಿ, ಕೊಡು, ಕಟ್ಟೋಣ. ಕೊಡಲಿಲ್ಲ. ತಲೆ ಎತ್ತಿ ಕೊಂಬೆಗಳ ಮೇಲೆ ನೋಡುತ್ತಿದ್ದಾಳೆ, ಕೊಳದ ಕಡೆಯಿಂದ ಒಂದು ಕಡಲಹಕ್ಕಿ ಬಂದು ಬೆಂಚಿನ ಮೇಲೆ ಕೂತಿದೆ, ರಬ್ಬರನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದು ಹೇಳಿದಳು, ಇಲ್ಲಿ ಬೇಡ ಅಜ್ಜ, ಹಕ್ಕಿ ಕದಿಯುತ್ತೆ, ಅಮ್ಮಂದು ಕದ್ದಿತ್ತಲ್ಲ.

ಎಲ್ಲಿಯ ಒಲೆ ಎಲ್ಲಿಯ ಮರ. ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಈ ಊರಿನ ಹಕ್ಕಿಗಳು ರಬ್ಬರ್ ಮುಟ್ಟಲ್ಲ ಮರಿ, ಇವು ಬರೀ ರೊಟ್ಟಿ ತಿನ್ನೋವು, ಎಷ್ಟು ಸಲೀಸು, ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು, ನಂಬುತ್ತಿದ್ದಳು, ಅವಳ ಅಮ್ಮ ನಂಬಿರಲಿಲ್ಲವೇ, ನಂಬಿ ಕೊಡುತ್ತಿದ್ದಳು, ನಾನು ಕಟ್ಟುತ್ತಿದ್ದೆ, ಪಟ್ಟಿ ಮುಗಿಯುತ್ತಿತ್ತು, ಸಂಜೆ ಫೋನಿನಲ್ಲಿ ತ್ರಿನೆ ಭಲೇ ಅಪ್ಪ ಅನ್ನುತ್ತಿದ್ದಳು, ಮುಂದೆ ಒಂದು ಕ್ರಿಸ್‌ಮಸ್ಸಿಗೆ ಇವಳೂ ಒಂದು ಕತೆ ಹೇಳುತ್ತಿದ್ದಳು — ಅವಳು ನನ್ನನ್ನೇ ನೋಡುತ್ತಿದ್ದಾಳೆ, ತ್ರಿನೆಯ ಕಣ್ಣು, ಇದಾ ಅಪ್ಪ, ಇದಲ್ಲ, ಇದಾ — ಮಂಡಿ ಊರಿದೆ, ಮಂಡಿ ಕಿರ್ ಅಂದಿತು, ಹೇಳಿದೆ. ಹಕ್ಕಿ ಕದೀಲಿಲ್ಲ, ವಿಗ್ಗಾ. ನಾನೇ ಒಲೆಗೆ ಹಾಕಿದ್ದು.

ಅವಳ ಮುಷ್ಟಿ ನಿಧಾನವಾಗಿ ಬೆನ್ನ ಹಿಂದೆ ಹೋಯಿತು, ಒಂದು ಹೆಜ್ಜೆ ಹಿಂದೆ ಸರಿದಳು, ಆ ಒಂದು ಹೆಜ್ಜೆ. ಸುಟ್ಟೆಯಾ ಎಂದಳು, ಹ್ಞೂಂ, ಯಾಕೆ, ಸಿಟ್ಟು ಬಂದಿತ್ತು, ಅಮ್ಮ ಅತ್ತಳಾ, ಮೂರು ದಿನ ಅತ್ತಳು, ನೀನು ಏನ್ ಮಾಡ್ದೆ, ಹಕ್ಕಿಗೆ ಬೈದೆ ಎಂದೆ. ಪಕ್ಕದಲ್ಲಿ ಮಗುವನ್ನು ಎತ್ತಿ ರಬ್ಬರ್ ಕಟ್ಟಿಸುತ್ತಿದ್ದ ಹೆಂಗಸು ನಮ್ಮ ಕಡೆ ತಿರುಗಿ, ಏನೂ ಕೇಳಿಸದವಳಂತೆ ಮತ್ತೆ ಅತ್ತ ತಿರುಗಿದಳು, ಕೇಳಿಸಿಕೊಳ್ಳಲಿ, ಈ ಊರಿಗೆಲ್ಲ ಕೇಳಿಸಲಿ, ಈಗ ಇವಳು ರಬ್ಬರನ್ನು ಬಾಯಿಗಿಟ್ಟುಕೊಂಡು ಅಳುತ್ತಾಳೆ, ಮನೆಗೆ ಹೋಗೋಣ ಅನ್ನುತ್ತಾಳೆ, ಐದು ಗಂಟೆಯ ರೈಲು ಪ್ರಯಾಣ, ನನ್ನ ಪಕ್ಕ ಕೂರುವುದಿಲ್ಲ, ಇನ್ನು ಯಾವತ್ತೂ ಅಜ್ಜನ ಜೊತೆ ಹೋಗ್ತೀನಿ ಅನ್ನುವುದಿಲ್ಲ, ಮಾಡಿದ್ದುಣ್ಣೋ ಮಾರಾಯ, ಮೂವತ್ತಮೂರು ವರ್ಷ ತಡವಾಗಿ ಬಡಿಸಿದ್ದಾರೆ ಅಷ್ಟೆ. ಅಳಲಿಲ್ಲ. ಬೆಂಚಿನ ಮೇಲಿನ ಹಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹಕ್ಕಿ, ನಾನು, ಯಾರಿಗೆ ಹೆದರಬೇಕು ಎಂದು ತೂಗಿ ನೋಡುವವಳಂತೆ, ಆಮೇಲೆ ಇನ್ನೊಂದು ಕೈ ಚಾಚಿದಳು. ದಾರ ಕೊಡು. ಕಟ್ಟಿಕೊಡ್ತೀನಿ ಮರಿ ಎಂದು ಎದ್ದೆ, ಬೇಡ, ದಾರ ಸಾಕು, ಕೈ ಬೇಡ.

ಕೊಟ್ಟೆ. ಕೈಗಳನ್ನು ಜೇಬಿಗೆ ಹಾಕಿಕೊಂಡೆ, ಅವು ಅಲ್ಲಿ ಇರಲೊಲ್ಲವು, ಎಲ್ಲಕ್ಕಿಂತ ಕೆಳಗಿನ ಕೊಂಬೆ, ಅವಳು ತುದಿಗಾಲಿನಲ್ಲಿ ನಿಂತಳು, ನಾಲಿಗೆ ಹೊರಗೆ, ದಾರವನ್ನು ಉಂಗುರದಲ್ಲಿ ತೂರಿಸಿದಳು, ಅದು ಜಾರಿತು, ಮತ್ತೆ ತೂರಿಸಿದಳು, ಕೊಂಬೆಯ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು ಅಡ್ಡಾದಿಡ್ಡಿ, ಹಾಗಲ್ಲ ಕೆಳಗಿನಿಂದ ತಗೊ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ, ಒಂದು ಎಳೆ ಉದ್ದ ಒಂದು ಗಿಡ್ಡ, ಎರಡನ್ನೂ ಒಂದರ ಮೇಲೊಂದು ಹಾಕಿ ಎಳೆದಳು, ಅದು ಗಂಟೇ ಅಲ್ಲ, ನಂಟು ಅನ್ನಬಹುದು ಹೆಚ್ಚೆಂದರೆ, ನನ್ನ ಶೆಡ್ಡಿನಲ್ಲಿ ಯಾರಾದರೂ ಹಾಗೆ ಕಟ್ಟಿದ್ದರೆ ಆವತ್ತೇ ಮನೆಗೆ ಕಳಿಸುತ್ತಿದ್ದೆ. ಕೈಬಿಟ್ಟು ಹಿಂದೆ ಬಂದಳು, ರಬ್ಬರ್ ತೂಗಿತು, ನಿಂತಿತು. ಬಿದ್ದುಹೋಗುತ್ತಾ ಅಜ್ಜ. ಬೀಳಲ್ಲ ಎಂದು ಹೇಳಲು ಎಷ್ಟು ಆಸೆಯಾಯಿತು. ಬೀಳಬಹುದು, ಗಾಳಿ ಜೋರಾದರೆ ಬೀಳಬಹುದು ಎಂದೆ. ಅವಳು ಯೋಚಿಸಿದಳು, ನಾನು ಕಾದೆ, ಸಮುದ್ರಕ್ಕೆ ಹೋದ ದೋಣಿಗಳಿಗೂ ನಾನು ಹಾಗೆ ಕಾದದ್ದಿಲ್ಲ. ಬಿದ್ದರೆ ಬೀಳಲಿ, ನೀನು ಮಾತ್ರ ಎತ್ಕೋಬೇಡ ಎಂದಳು, ಎಂದು ನನ್ನ ಜೇಬಿನೊಳಗೆ ಕೈ ತೂರಿಸಿ ನನ್ನ ಬೆರಳು ಹಿಡಿದುಕೊಂಡಳು, ಸಾಸೇಜಿನ ಅಂಟು ಇನ್ನೂ ಹೋಗಿರಲಿಲ್ಲ ಆ ಕೈಗೆ.

ಮೆಟ್ರೋದ ಮುಂದಿನ ಸೀಟು ಸಿಕ್ಕಿತು, ಗಾಜಿಗೆ ಮೂಗು ಒತ್ತಿ ಓಡಿಸುತ್ತಿದ್ದಾಳೆ, ಎಡಕ್ಕೆ ವಾಲುತ್ತಾಳೆ, ಬಲಕ್ಕೆ ವಾಲುತ್ತಾಳೆ, ರೈಲು ಅವಳ ಮಾತು ಕೇಳುತ್ತಿದೆ, ಸಂಜೆ ಫೋನ್ ಬಂದಾಗ ಅಮ್ಮಂಗೆ ನೀನೇ ಹೇಳು, ನಾ ಹೇಳಲ್ಲ ಎಂದಳು ತಿರುಗದೆ, ಹೇಳ್ತೀನಿ ಎಂದೆ, ಹೇಳುತ್ತೇನೆ, ತ್ರಿನೆ ನಗುತ್ತಾಳೋ ಇಲ್ಲವೋ, ಹಕ್ಕಿಗಳ ಕ್ಷಮೆ ಕೇಳಬೇಕಲ್ಲ ಅಪ್ಪ ಅನ್ನುತ್ತಾಳೋ, ಅಥವಾ ಫೋನ್ ಇಡುತ್ತಾಳೋ, ಇಟ್ಟರೂ ಸರಿಯೇ — ಚುಪ್ ಇಲ್ಲ, ಎಷ್ಟು ನಿಶ್ಶಬ್ದ, ಬಾಯಿ ಒಂದೊಂದು ಸಲ ತಾನಾಗಿ ಆಡುತ್ತದೆ, ಖಾಲಿ ಬಾಯಿ, ಅವಳು ತುಟಿ ಕಚ್ಚಿಕೊಂಡು ರೈಲು ಓಡಿಸುತ್ತಾಳೆ, ನನ್ನ ಧೀರೆ, ನನ್ನ ಬಂಗಾರ, ಸುರಂಗದ ದೀಪ ಒಂದೊಂದಾಗಿ ಬಂದು ಹೋಗುತ್ತದೆ, ಮೇಲೆ ಗಾಳಿ ಎದ್ದಿದೆಯೋ ಏನೋ, ನನ್ನ ಬೆರಳುಗಳು ಮಂಡಿಯ ಮೇಲೆ ತಾವೇ ಆಡುತ್ತಿವೆ, ಕೆಳಗಿನಿಂದ ತಗೊ, ಸುತ್ತು, ಬಿಗಿ, ಒಂದೇ ಒಂದು ನಿಮಿಷದ ಕೆಲಸ, ಇವತ್ತು ರಾತ್ರಿಯೂ ಇಲ್ಲೇ ತಂಗುವುದು, ಬೆಳಿಗ್ಗೆ ಇವಳು ಏಳುವ ಮೊದಲು ಹೋಗಿ ಸರಿಮಾಡಿ ಬರಬಹುದು, ಯಾರಿಗೂ ಗೊತ್ತಾಗುವುದಿಲ್ಲ — ಇಲ್ಲ, ಹೋಗುವುದಿಲ್ಲ, ಕೈಯನ್ನು ಕೈಯಿಂದ ಹಿಡಿದುಕೊಂಡೆ, ಹೋಗುವುದಿಲ್ಲ, ಮುಂದಿನ ನಿಲ್ದಾಣ, ಬಾಗಿಲು, ಜನ, ಮತ್ತೆ ಕತ್ತಲು, ಗಾಜಿನಲ್ಲಿ ಅವಳ ಮುಖ, ಅದರ ಹಿಂದೆ ಆ ಕೊಂಬೆ, ಎರಡು ಸುತ್ತು ಅಡ್ಡಾದಿಡ್ಡಿ, ಒಂದು ಎಳೆ ಉದ್ದ, ಒಂದು ಗಿಡ್ಡ, ತೂಗುತ್ತದೆ, ನಿಲ್ಲುತ್ತದೆ, ಎರಡು ಸುತ್ತು, ಒಂದು ಎಳೆ ಉದ್ದ, ಒಂದು ಗಿಡ್ಡ,